ಬ್ರೂಕ್ಲಿನ್‌ನ ಪಿ-ಟೆಕ್: ಹೈಸ್ಕೂಲಿನಲ್ಲೇ ಶುರುವಾಗುವ ಕಾಲೇಜು ಅಂಕಪಟ್ಟಿ

ಪಿ-ಟೆಕ್ ಎಂದರೆ 'ಐಬಿಎಂ ಸ್ಕೂಲು' ಎಂಬ ಮಾತು ಬ್ರೂಕ್ಲಿನ್‌ನಲ್ಲೂ ಇದೆ, ಅಮೆರಿಕದ ಕನ್ನಡಿಗರ ವಾಟ್ಸಾಪ್ ಗುಂಪುಗಳಲ್ಲೂ ಇದೆ. ಅಲ್ಲಿಂದ ಅದು 'ಸೇರಿದರೆ ಸಾಕು, ಐಬಿಎಂನಲ್ಲಿ ಕೆಲಸ ಗ್ಯಾರಂಟಿ' ಎಂಬಲ್ಲಿಗೆ ಬೆಳೆಯುತ್ತದೆ. ಶಾಲೆಯನ್ನು ಹಾಗೆ ತೂಗಿದರೆ ಲೆಕ್ಕ ತಪ್ಪುತ್ತದೆ. ಇದು ನ್ಯೂಯಾರ್ಕ್ ನಗರದ ಸರ್ಕಾರಿ ಹೈಸ್ಕೂಲು. ಪೂರ್ತಿ ಹೆಸರು ಪಾತ್‌ವೇಸ್ ಇನ್ ಟೆಕ್ನಾಲಜಿ ಅರ್ಲಿ ಕಾಲೇಜ್ ಹೈಸ್ಕೂಲ್. ಫೀಸಿಲ್ಲ, ಪ್ರವೇಶ ಪರೀಕ್ಷೆ ಇಲ್ಲ. ಒಂಬತ್ತನೇ ತರಗತಿಗೆ ಸೇರಿದವರು ಬೇಕಾದರೆ 'ಹದಿನಾಲ್ಕನೇ ತರಗತಿ'ಯವರೆಗೆ, ಅಂದರೆ ಆರು ವರ್ಷ ಓದಬಹುದು. ಕೊನೆಗೆ ಕೈಗೆ ಬರುವುದು ಎರಡು ಪತ್ರ: ಹೈಸ್ಕೂಲ್ ಡಿಪ್ಲೊಮಾ, ಜೊತೆಗೆ ನ್ಯೂಯಾರ್ಕ್ ಸಿಟಿ ಕಾಲೇಜ್ ಆಫ್ ಟೆಕ್ನಾಲಜಿಯ ಅಸೋಸಿಯೇಟ್ ಡಿಗ್ರಿ, ಅಂದರೆ ಎರಡು ವರ್ಷದ ಕಾಲೇಜು ಪದವಿ. ಈ ಕಾಲೇಜನ್ನು ಎಲ್ಲರೂ ಸಿಟಿ ಟೆಕ್ ಎಂದೇ ಕರೆಯುತ್ತಾರೆ. ಅದು ಸಿಟಿ ಯೂನಿವರ್ಸಿಟಿ ಆಫ್ ನ್ಯೂಯಾರ್ಕ್, ಅಂದರೆ ಕ್ಯೂನಿಯ ಅಂಗಸಂಸ್ಥೆ. ಮಗುವಿನ ಜೊತೆ ಕೊನೆಯವರೆಗೆ ಬರುವುದು ಕ್ಯೂನಿಯ ಆ ಅಂಕಪಟ್ಟಿ. ಶಾಲೆಯ ಲಾಭವೂ ಅಪಾಯವೂ ಅದರಲ್ಲೇ ಇವೆ.

ಇಂಥ ಶಾಲೆ ಎಲ್ಲಿಂದ ಬಂತು ಎಂದು ತಿಳಿದಿದ್ದರೆ ಅದರ ಹಲವು ವಿಚಿತ್ರಗಳು ಅರ್ಥವಾಗುತ್ತವೆ. ಅಮೆರಿಕದಲ್ಲಿ ಮ್ಯಾಗ್ನೆಟ್ ಶಾಲೆಗಳು ಹುಟ್ಟಿದ್ದು 1960ರ ದಶಕದ ಕೊನೆಯಲ್ಲಿ. ಕರಿಯರ ಮಕ್ಕಳು ಒಂದು ಶಾಲೆಗೆ, ಬಿಳಿಯರ ಮಕ್ಕಳು ಇನ್ನೊಂದಕ್ಕೆ ಎಂಬ ಸ್ಥಿತಿಯನ್ನು ಬಲವಂತವಿಲ್ಲದೆ ಮುರಿಯಬೇಕಿತ್ತು. ವಿಶೇಷ ವಿಷಯವೊಂದನ್ನು ಆಕರ್ಷಣೆಯಾಗಿಟ್ಟು ಬೇರೆ ಬೇರೆ ಬಡಾವಣೆಗಳ ಮಕ್ಕಳನ್ನು ಒಂದೆಡೆ ಸೆಳೆಯುವುದು ಆಗ ಹೊಳೆದ ದಾರಿ. ವಾಷಿಂಗ್ಟನ್ ರಾಜ್ಯದ ಟಕೋಮಾದಲ್ಲಿ 1968ರಲ್ಲಿ ಮೆಕಾರ್ವರ್ ಪ್ರಾಥಮಿಕ ಶಾಲೆ ಹೀಗೆ ಶುರುವಾಯಿತು, ಮರುವರ್ಷ ಬಾಸ್ಟನ್‌ನಲ್ಲಿ ಇನ್ನೊಂದು. ವಿಜ್ಞಾನ, ತಂತ್ರಜ್ಞಾನ, ಕಲೆ ಎಂದು ಹಣೆಪಟ್ಟಿ ಹೊತ್ತ ಶಾಲೆಗಳು ಆಮೇಲೆ ದೇಶದ ತುಂಬ ಬಂದವು. ಪಿ-ಟೆಕ್ ಅನ್ನೂ ಜನ ಈ ಸಾಲಿಗೆ ಸೇರಿಸುತ್ತಾರೆ. ಕಾಗದದ ಮೇಲೆ ಅದು ವೃತ್ತಿ ಶಿಕ್ಷಣ ಮತ್ತು ಅರ್ಲಿ ಕಾಲೇಜ್ ಎಂಬ ಎರಡು ವರ್ಗಗಳಲ್ಲಿ ಬರುತ್ತದೆ.

ಎರಡನೆಯ ಎಳೆ ನ್ಯೂಯಾರ್ಕಿನದೇ. 1974ರಲ್ಲಿ ಕ್ವೀನ್ಸ್‌ನ ಲಗ್ವಾರ್ಡಿಯಾ ಕಮ್ಯುನಿಟಿ ಕಾಲೇಜು ತನ್ನ ಆವರಣದಲ್ಲೇ ಒಂದು ಹೈಸ್ಕೂಲು ತೆರೆಯಿತು, ಹೆಸರು ಮಿಡಲ್ ಕಾಲೇಜ್. ಶಾಲೆ ಬಿಡುವ ಅಂಚಿನಲ್ಲಿದ್ದ ಮಕ್ಕಳನ್ನು ಕಾಲೇಜಿನ ನಡುವೆ ಕೂರಿಸಿದರೆ ಅವರು ಅಲ್ಲಿನ ದೊಡ್ಡವರನ್ನು ನೋಡಿ ತಾವೂ ಓದು ಮುಂದುವರಿಸುತ್ತಾರೆ ಎಂಬುದು ಅದರ ಹಿಂದಿನ ನಂಬಿಕೆ. 2002ರಲ್ಲಿ ಕ್ಯೂನಿಯ ಮೂರು ಕಾಲೇಜುಗಳಲ್ಲಿ ಬೇರೆಯೇ ಬಗೆಯ ಮೂರು ಹೈಸ್ಕೂಲುಗಳು ಬಂದವು. ಸಿಟಿ ಕಾಲೇಜಿನಲ್ಲಿ ಗಣಿತ, ವಿಜ್ಞಾನ, ಎಂಜಿನಿಯರಿಂಗಿನದು, ಲೇಮನ್ ಕಾಲೇಜಿನಲ್ಲಿ ಅಮೆರಿಕನ್ ಸ್ಟಡೀಸಿನದು, ಯಾರ್ಕ್ ಕಾಲೇಜಿನಲ್ಲಿ ವಿಜ್ಞಾನದ್ದು. ಈ ಮೂರಕ್ಕೂ ಎಸ್‌ಎಚ್‌ಎಸ್‌ಎಟಿ ಎಂಬ ಪ್ರವೇಶ ಪರೀಕ್ಷೆಯೇ ಬಾಗಿಲು. ಅಂದರೆ 'ವಿಶ್ವವಿದ್ಯಾಲಯದ ಜೊತೆಗಿನ ಹೈಸ್ಕೂಲು' ಎಂಬ ಒಂದೇ ಮಾತಿನಡಿ ಎರಡು ವಂಶಗಳಿವೆ, ಜಾಣರನ್ನು ಆರಿಸಿಕೊಳ್ಳುವುದು ಒಂದು, ಬಂದವರನ್ನು ಮೇಲೆತ್ತಲು ಹೊರಟದ್ದು ಇನ್ನೊಂದು. ಪಿ-ಟೆಕ್ ಎರಡನೆಯ ವಂಶದ್ದು. ಅದೇ ಪರೀಕ್ಷೆಯಿಂದ ಮಕ್ಕಳನ್ನು ಆರಿಸಿಕೊಳ್ಳುವ ಸ್ಟೈವೆಸಂಟ್ ಅಥವಾ ಬ್ರೂಕ್ಲಿನ್ ಟೆಕ್ ಜೊತೆ ಅದನ್ನು ಹೋಲಿಸುವುದರಲ್ಲಿ ಅರ್ಥವಿಲ್ಲ.

ಸಿಟಿ ಟೆಕ್‌ಗೂ ಇದು ಮೊದಲ ಪ್ರಯತ್ನವಲ್ಲ. 2009ರಲ್ಲಿ ಬ್ರೂಕ್ಲಿನ್‌ನಲ್ಲೇ ಸಿಟಿ ಪಾಲಿಟೆಕ್ನಿಕ್ ಎಂಬ ಹೈಸ್ಕೂಲು ಅದೇ ಕಾಲೇಜಿನ ಜೊತೆಗೂಡಿ ಶುರುವಾಗಿತ್ತು. ಐಬಿಎಂ ಸೇರಿದ್ದು ಮರುವರ್ಷದ ಮಾತು. ಐಬಿಎಂನ ಸಮಾಜಸೇವಾ ವಿಭಾಗದ ಮುಖ್ಯಸ್ಥರಾಗಿದ್ದ ಸ್ಟ್ಯಾನ್ಲಿ ಲಿಟೊ ಹಿಂದೆ ನಗರದ ಶಾಲೆಗಳ ಉಪ ಚಾನ್ಸಲರ್ ಆಗಿದ್ದವರು. ಶಾಲಾ ಇಲಾಖೆಯ ಒಳಹೊರಗು ಬಲ್ಲ ಒಬ್ಬರು ಕಂಪನಿಯ ಕಡೆ ಇದ್ದದ್ದು ಈ ಒಪ್ಪಂದ ಕೂಡಿಬರಲು ದೊಡ್ಡ ಕಾರಣ. 2010ರ ಸೆಪ್ಟೆಂಬರಿನಲ್ಲಿ ಮೇಯರ್ ಮೈಕಲ್ ಬ್ಲೂಮ್‌ಬರ್ಗ್ ಯೋಜನೆಯನ್ನು ಪ್ರಕಟಿಸಿದರು. 2011ರ ಸೆಪ್ಟೆಂಬರಿನಲ್ಲಿ ಕ್ರೌನ್ ಹೈಟ್ಸ್‌ನ 150, ಆಲ್ಬನಿ ಅವೆನ್ಯೂ ಕಟ್ಟಡದಲ್ಲಿ ನೂರು ಚಿಲ್ಲರೆ ಮಕ್ಕಳೊಂದಿಗೆ ಒಂಬತ್ತನೇ ತರಗತಿ ಆರಂಭವಾಯಿತು. ಮೊದಲ ಪ್ರಿನ್ಸಿಪಾಲ್ ರಶೀದ್ ಡೇವಿಸ್.

ಕಟ್ಟಡ ಖಾಲಿ ಇರಲಿಲ್ಲ ಎಂಬುದನ್ನು ಹೊಗಳಿಕೆಯ ಲೇಖನಗಳು ಮರೆಯುತ್ತವೆ. ಅಲ್ಲಿ ಪಾಲ್ ರೋಬ್ಸನ್ ಹೈಸ್ಕೂಲು ಇತ್ತು. ಫಲಿತಾಂಶ ಕೆಟ್ಟಿದೆ ಎಂದು ಅದನ್ನು ಮುಚ್ಚಲು ನಗರ 2011ರ ಆರಂಭದಲ್ಲಿ ತೀರ್ಮಾನಿಸಿತು, ಊರಿನವರು ಪ್ರತಿಭಟಿಸಿದರು. ಹೊಸ ಮಕ್ಕಳನ್ನು ಸೇರಿಸಿಕೊಳ್ಳುವುದನ್ನು ನಿಲ್ಲಿಸಿ, ಇದ್ದವರು ಮುಗಿಸುವವರೆಗೆ ನಡೆಸುವುದು ಅಂದಿನ ಪದ್ಧತಿ. ಹಾಗಾಗಿ ಕೆಲವು ವರ್ಷ ಒಂದೇ ಸೂರಿನಡಿ ಸಾಯುತ್ತಿದ್ದ ಶಾಲೆಯೂ ಹುಟ್ಟುತ್ತಿದ್ದ ಶಾಲೆಯೂ ಇದ್ದವು. ಈ ಬಡಾವಣೆಯಲ್ಲಿ ಪಿ-ಟೆಕ್ ಬಗ್ಗೆ ಹೆಮ್ಮೆಯ ಜೊತೆ ಒಂದಿಷ್ಟು ಕಹಿಯೂ ಉಳಿದದ್ದು ಇದರಿಂದ.

ಸಿಟಿ ಟೆಕ್ ಬಗ್ಗೆ ಎರಡು ಮಾತು ಹೇಳಲೇಬೇಕು, ಏಕೆಂದರೆ ಡಿಗ್ರಿಯ ಮೇಲೆ ಇರುವುದು ಅದರ ಹೆಸರು. ಎರಡನೇ ಮಹಾಯುದ್ಧದಿಂದ ಮರಳಿದ ಸೈನಿಕರಿಗೆ ಕಸುಬು ಕಲಿಸಲು 1946ರಲ್ಲಿ ರಾಜ್ಯ ಸರ್ಕಾರ ಕಟ್ಟಿದ ಸಂಸ್ಥೆ ಅದು. ಮುಂದೆ ಕಮ್ಯುನಿಟಿ ಕಾಲೇಜಾಗಿ, ಕ್ಯೂನಿಗೆ ಸೇರಿ, 2002ರಿಂದ ಈಗಿನ ಹೆಸರಿನಲ್ಲಿದೆ. ಡೌನ್‌ಟೌನ್ ಬ್ರೂಕ್ಲಿನ್‌ನ ಜೇ ಸ್ಟ್ರೀಟಿನಲ್ಲಿದೆ. ಅಸೋಸಿಯೇಟ್ ಡಿಗ್ರಿಯೂ ಕೊಡುತ್ತದೆ, ನಾಲ್ಕು ವರ್ಷದ ಬಿ.ಟೆಕ್ ಕೂಡ ಕೊಡುತ್ತದೆ. ಆ ಬಿ.ಟೆಕ್ ನಮ್ಮ ಕಡೆಯ ಬಿ.ಟೆಕ್ ಅಲ್ಲ, 'ಎಂಜಿನಿಯರಿಂಗ್ ಟೆಕ್ನಾಲಜಿ'ಯ ಕಡೆಯದು. ಸಿದ್ಧಾಂತ ಕಡಿಮೆ, ಲ್ಯಾಬು ಹೆಚ್ಚು. ಕೆಲಸ ಕಲಿಸುವ ಕಾಲೇಜು ಎಂಬ ಗುಣ ಅದಕ್ಕೆ ಹುಟ್ಟಿನಿಂದ ಬಂದದ್ದು.

ಶಾಲೆಗೆ ಹೆಸರು ಬಂದದ್ದು ಮಾತ್ರ ತೀರಾ ಬೇಗ. 2013ರ ಫೆಬ್ರವರಿಯ ಸ್ಟೇಟ್ ಆಫ್ ದಿ ಯೂನಿಯನ್ ಭಾಷಣದಲ್ಲಿ ಅಧ್ಯಕ್ಷ ಒಬಾಮ ಪಿ-ಟೆಕ್ ಹೆಸರು ಹೇಳಿದರು. ಅದೇ ಅಕ್ಟೋಬರ್ 25ರಂದು ಶಾಲೆಗೇ ಬಂದರು. ಆಗ ಮೊದಲ ತಂಡ ಇನ್ನೂ ಹನ್ನೊಂದನೇ ತರಗತಿಯಲ್ಲಿತ್ತು, ಒಬ್ಬರೂ ಡಿಗ್ರಿ ಮುಗಿಸಿರಲಿಲ್ಲ. ಅಷ್ಟರಲ್ಲಿ ಷಿಕಾಗೋ 2012ರಲ್ಲೇ ನಕಲು ಮಾಡಿತ್ತು, ನ್ಯೂಯಾರ್ಕ್ ರಾಜ್ಯ 2013ರಲ್ಲಿ ಇಂಥ 16 ಶಾಲೆಗಳನ್ನು ಘೋಷಿಸಿತ್ತು. ಆಸ್ಟ್ರೇಲಿಯಾ, ಸಿಂಗಪುರ, ತೈವಾನ್, ಮೊರಾಕೊಗಳಿಗೂ ಮಾದರಿ ಹೋಯಿತು. 2015ರಲ್ಲಿ ಆರು ಮಕ್ಕಳು ಆರು ವರ್ಷದ ಓದನ್ನು ನಾಲ್ಕೇ ವರ್ಷದಲ್ಲಿ ಮುಗಿಸಿ ಎರಡೂ ಪತ್ರ ಪಡೆದರು. ನೂರಕ್ಕೂ ಹೆಚ್ಚು ಮಕ್ಕಳ ತಂಡದಲ್ಲಿ ಆರು. ಪತ್ರಿಕೆಗಳು ಆರರ ಬಗ್ಗೆ ಬರೆದವು. ಪೋಷಕರು ನೋಡಬೇಕಾದದ್ದು ಉಳಿದವರ ಲೆಕ್ಕವನ್ನು.

ಈಗ ಪ್ರವೇಶಕ್ಕೆ ಬರೋಣ. ನ್ಯೂಯಾರ್ಕ್ ನಗರದ ಐದು ಬರೋಗಳಲ್ಲಿ, ಅಂದರೆ ನಗರದೊಳಗಿನ ಐದು ವಿಭಾಗಗಳಲ್ಲಿ ಒಂದರಲ್ಲಿ, ವಾಸವಿರಬೇಕು. ನ್ಯೂಜೆರ್ಸಿಯ ಎಡಿಸನ್, ಜೆರ್ಸಿ ಸಿಟಿ ಕಡೆಯ ಕನ್ನಡಿಗರು ಇಲ್ಲಿಗೇ ಓದು ನಿಲ್ಲಿಸಬಹುದು. ಎಂಟನೇ ತರಗತಿಯ ಶರತ್ಕಾಲದಲ್ಲಿ ನಗರದ ಮೈಸ್ಕೂಲ್ಸ್ ಜಾಲತಾಣದಲ್ಲಿ ಶಾಲೆಗಳನ್ನು ಆದ್ಯತೆಯ ಕ್ರಮದಲ್ಲಿ ಜೋಡಿಸಿ ಅರ್ಜಿ ಹಾಕಬೇಕು. ಪಿ-ಟೆಕ್‌ನಂಥ ಪರೀಕ್ಷೆಯಿಲ್ಲದ ಶಾಲೆಗಳಲ್ಲಿ ಸೀಟಿಗಿಂತ ಅರ್ಜಿ ಹೆಚ್ಚಾದರೆ ಲಾಟರಿ. ಪ್ರತಿ ಮಗುವಿಗೂ 32 ಅಕ್ಷರದ ಉದ್ದನೆಯ ಒಂದು ಸಂಖ್ಯೆ ಕೊಡುತ್ತಾರೆ. ಅದು ಹೆಕ್ಸಾಡೆಸಿಮಲ್, ಅಂದರೆ ಸೊನ್ನೆಯಿಂದ ಒಂಬತ್ತು, ಆಮೇಲೆ ಎ-ಯಿಂದ ಎಫ್. ಮೊದಲ ಎರಡು ಅಕ್ಷರ ನೋಡಿದರೆ ಸಾಕು. 00 ಎಂದು ಶುರುವಾದರೆ ಸಾಲಿನ ಮುಂದೆ, ಎಫ್‌ಎಫ್ ಎಂದಿದ್ದರೆ ಕೊನೆಯಲ್ಲಿ. ಎರಡೂ ಅಕ್ಷರವನ್ನು ದಶಮಾಂಶಕ್ಕೆ ತಿರುಗಿಸಿ 256ರಿಂದ ಭಾಗಿಸಿದರೆ ಮಗು ಸುಮಾರು ಶೇಕಡಾ ಎಷ್ಟನೇ ಜಾಗದಲ್ಲಿದೆ ಎಂದು ತಿಳಿಯುತ್ತದೆ. ಉದಾಹರಣೆಗೆ 40 ಎಂದು ಶುರುವಾದರೆ ಅದು ನಾಲ್ಕು ಹದಿನಾರಲಿ 64, ಅಂದರೆ ಮೊದಲ ಕಾಲು ಭಾಗದ ಅಂಚು.

ಇಲ್ಲಿ ಅತಿ ಜಾಣತನ ಮಾಡಿ ಕೆಡಿಸಿಕೊಳ್ಳುವವರು ಬಹಳ. 'ಮೊದಲ ಸ್ಥಾನದಲ್ಲಿ ಹಾಕದಿದ್ದರೆ ಶಾಲೆಯವರು ಬೇಸರಿಸಿಕೊಳ್ಳುತ್ತಾರೆ' ಎಂದೋ, 'ಸಿಗದ್ದನ್ನು ಮೇಲೆ ಹಾಕಿದರೆ ಸಿಗುವುದೂ ಕೈತಪ್ಪುತ್ತದೆ' ಎಂದೋ ಪಟ್ಟಿಯನ್ನು ತಿರುಚುತ್ತಾರೆ. 2003-04ರ ಹೊತ್ತಿಗೆ ನಗರ ಅಳವಡಿಸಿಕೊಂಡ ಹೊಂದಾಣಿಕೆಯ ಕ್ರಮದಲ್ಲಿ ಅದಕ್ಕೆ ಜಾಗವಿಲ್ಲ. ನೀವು ಎಷ್ಟನೇ ಸ್ಥಾನದಲ್ಲಿಟ್ಟಿದ್ದೀರಿ ಎಂಬುದು ಶಾಲೆಗೆ ಕಾಣುವುದಿಲ್ಲ. ಮೇಲಿನ ಶಾಲೆ ಸಿಗದಿದ್ದರೆ ಕೆಳಗಿನದಕ್ಕೆ ನಿಮ್ಮ ಹಕ್ಕು ಕಡಿಮೆಯಾಗುವುದಿಲ್ಲ. ನಿಜವಾಗಿ ಬೇಕಾದ ಕ್ರಮದಲ್ಲೇ ಬರೆಯಿರಿ. ಎಸ್‌ಎಚ್‌ಎಸ್‌ಎಟಿ ಬರೆಯುವ ಮಕ್ಕಳೂ ಈ ಪಟ್ಟಿಯನ್ನು ಬೇರೆಯಾಗಿ ತುಂಬಬಹುದು, ಒಂದು ಇನ್ನೊಂದಕ್ಕೆ ಅಡ್ಡ ಬರುವುದಿಲ್ಲ.

ಸೇರಿದ ಮೇಲೆ ಓದಿನ ಏರ್ಪಾಡು ಹೀಗೆ. ಮೊದಲ ವರ್ಷ ಇಂಗ್ಲಿಷ್, ಗಣಿತಕ್ಕೆ ಮಾಮೂಲಿಗಿಂತ ಹೆಚ್ಚು ಅವಧಿ, ದಿನವೂ ಉದ್ದ, ಬೇಸಿಗೆಯಲ್ಲೂ ತರಗತಿ. ಉದ್ದೇಶ ಒಂದೇ: ಕಾಲೇಜು ಕೋರ್ಸಿಗೆ ಕೂರುವ ಅರ್ಹತೆಯನ್ನು ಆದಷ್ಟು ಬೇಗ ಗಳಿಸುವುದು. ಈ ಅರ್ಹತೆಗೂ ಪಾಸಿಗೂ ವ್ಯತ್ಯಾಸವಿದೆ ಎಂಬುದು ಹೊಸಬರಿಗೆ ಹೊಳೆಯುವುದಿಲ್ಲ. ರಾಜ್ಯದ ರೀಜೆಂಟ್ಸ್ ಪರೀಕ್ಷೆಯಲ್ಲಿ ಪಾಸಾಗಲು 65 ಸಾಕು. ಪಿ-ಟೆಕ್‌ನ ಮೊದಲ ವರ್ಷಗಳಲ್ಲಿ ಕ್ಯೂನಿ ಇಂಗ್ಲಿಷ್‌ಗೆ 75 ಕೇಳುತ್ತಿತ್ತು, ಗಣಿತಕ್ಕೂ ಪಾಸಿಗಿಂತ ಹೆಚ್ಚು ಬೇಕಿತ್ತು. ಹಾಗಾಗಿ 68 ತೆಗೆದ ಮಗು ಹೈಸ್ಕೂಲಿನ ಲೆಕ್ಕದಲ್ಲಿ ಪಾಸು, ಕಾಲೇಜಿನ ಲೆಕ್ಕದಲ್ಲಿ ಇನ್ನೂ ಹೊರಗೆ. ಈಗ ಕ್ಯೂನಿ ಹೈಸ್ಕೂಲ್ ಸರಾಸರಿ, ರೀಜೆಂಟ್ಸ್, ಕಾಲೇಜು ಪ್ರವೇಶದ ಎಸ್‌ಎಟಿ ಪರೀಕ್ಷೆ ಸೇರಿಸಿ ಸೂಚ್ಯಂಕ ಕಟ್ಟುತ್ತದೆ. ಆದರೂ ಬರೀ ಪಾಸು ಸಾಲದು ಎಂಬುದು ಬದಲಾಗಿಲ್ಲ. 65 ಬಂದ ಮೇಲೂ ಮತ್ತೆ ಪರೀಕ್ಷೆ ಬರೆಸುವುದನ್ನು ಶಿಕ್ಷೆ ಎಂದುಕೊಳ್ಳಬೇಡಿ.

ಅಸೋಸಿಯೇಟ್ ಡಿಗ್ರಿಗೆ ಬೇಕಾದದ್ದು ಸುಮಾರು 60 ಕ್ರೆಡಿಟ್. ಪೂರ್ಣಾವಧಿ ಕಾಲೇಜು ವಿದ್ಯಾರ್ಥಿ ಸೆಮಿಸ್ಟರಿಗೆ 15ರಂತೆ ನಾಲ್ಕು ಸೆಮಿಸ್ಟರಿನಲ್ಲಿ ಅದನ್ನು ಮುಗಿಸಬೇಕು. ಪಿ-ಟೆಕ್ ಮಗು ಅದನ್ನು ನಾಲ್ಕೈದು ವರ್ಷಕ್ಕೆ ಹರಡಿಕೊಳ್ಳುತ್ತದೆ, ಮೊದಲು ಒಂದು ಕೋರ್ಸು, ಆಮೇಲೆ ಎರಡು, ಕೊನೆಯ ಎರಡು ವರ್ಷ ಹೆಚ್ಚುಕಡಿಮೆ ಕಾಲೇಜೇ. ದಾರಿ ಎರಡು, ಕಂಪ್ಯೂಟರ್ ಸಿಸ್ಟಮ್ಸ್ ಕಡೆಯದು ಮತ್ತು ಎಲೆಕ್ಟ್ರೋಮೆಕ್ಯಾನಿಕಲ್ ಎಂಜಿನಿಯರಿಂಗ್ ಟೆಕ್ನಾಲಜಿ. ಕಂಪ್ಯೂಟರ್ ಕಡೆ ಸಿಎಸ್‌ಟಿ 1100 ಪರಿಚಯ, ಸಿಎಸ್‌ಟಿ 1101ರಲ್ಲಿ ಪ್ರೋಗ್ರಾಮಿಂಗಿನ ತರ್ಕ, 1201ರಲ್ಲಿ ಪ್ರೋಗ್ರಾಮಿಂಗಿನ ಅಡಿಪಾಯ, 1204ರಲ್ಲಿ ಡೇಟಾಬೇಸು, 1215ರಲ್ಲಿ ಆಪರೇಟಿಂಗ್ ಸಿಸ್ಟಮ್ಸ್. ಎಲೆಕ್ಟ್ರೋಮೆಕ್ಯಾನಿಕಲ್ ಕಡೆ ಇಎಂಟಿ 1130ರ ತಯಾರಿಕಾ ಲ್ಯಾಬು, 1150ರ ವಿದ್ಯುತ್ ಸರ್ಕ್ಯೂಟುಗಳು. ಎಲ್ಲರಿಗೂ ಇಂಗ್ಲಿಷ್ 1101.

ಜೊತೆಗೆ ಮ್ಯಾಟ್ 1275, ಕಾಲೇಜು ಮಟ್ಟದ ಬೀಜಗಣಿತ ಮತ್ತು ತ್ರಿಕೋನಮಿತಿ. ಗಂಟಲಿಗೆ ಸಿಗುವ ಮುಳ್ಳು ಇದೇ. ವಿಷಯ ನಮ್ಮ ಪಿಯುಸಿ ಮಟ್ಟ ಮೀರಿದ್ದೇನಲ್ಲ. ಆದರೆ ಹೈಸ್ಕೂಲಿನಲ್ಲಿ ವರ್ಷವಿಡೀ ನಿಧಾನವಾಗಿ ಸಾಗುವ ಪಾಠ ಇಲ್ಲಿ ಹದಿನೈದು ವಾರದಲ್ಲಿ ಮುಗಿಯುತ್ತದೆ. ಹೋಮ್‌ವರ್ಕಿಗೆ ಮರುಅವಕಾಶವಿಲ್ಲ, ಅಂಕ ನಿಂತಿರುವುದು ಮೂರು ನಾಲ್ಕು ಪರೀಕ್ಷೆಗಳ ಮೇಲೆ. ಹೈಸ್ಕೂಲಿನ ಆಲ್ಜಿಬ್ರಾ 2 ಕೋರ್ಸನ್ನು ಗಟ್ಟಿಯಾಗಿ ಮುಗಿಸದೆ ಇದಕ್ಕೆ ಕೂತ ಮಕ್ಕಳು ಲಾಗರಿದಮ್ ಬರುವ ಹೊತ್ತಿಗೆ ಕೈಚೆಲ್ಲುತ್ತಾರೆ. ಇದು ಆಗದೆ ಮುಂದಿನ 1375, 1475 ತೆರೆಯುವುದಿಲ್ಲ, ಹಲವು ತಾಂತ್ರಿಕ ಕೋರ್ಸುಗಳೂ ಇದನ್ನೇ ಕಾಯುತ್ತವೆ. ಆರು ವರ್ಷದ ಲೆಕ್ಕ ಏಳಾಗುವುದು ಬಹುಮಟ್ಟಿಗೆ ಇಲ್ಲೇ.

ಓಡಾಟ ಸುಲಭ. ಯೂಟಿಕಾ ಅವೆನ್ಯೂ ನಿಲ್ದಾಣದಲ್ಲಿ ಎ ರೈಲು ಹತ್ತಿದರೆ ನಾಸ್ಟ್ರಾಂಡ್, ಹಾಯ್ಟ್-ಷರ್ಮರ್‌ಹಾರ್ನ್ ಆದ ಮೇಲೆ ಜೇ ಸ್ಟ್ರೀಟ್. ಇಳಿದರೆ ಸಿಟಿ ಟೆಕ್ ನಡೆದು ಹೋಗುವ ದೂರ.

ಇನ್ನು ಕೆಡುವುದು ಎಲ್ಲಿ. ಪಿ-ಟೆಕ್‌ನ ಚರಿತ್ರೆಯಲ್ಲಿ ಅತಿ ದೊಡ್ಡ ಟೀಕೆ ಬಂದದ್ದು ತಯಾರಿಲ್ಲದ ಮಕ್ಕಳನ್ನು ಕಾಲೇಜು ಕೋರ್ಸಿಗೆ ತಳ್ಳಿದ್ದರ ಬಗ್ಗೆ. ಮೊದಲ ವರ್ಷಗಳಲ್ಲಿ ಡಿ ಮತ್ತು ಎಫ್ ಗ್ರೇಡುಗಳು ಸಾಕಷ್ಟು ಬಿದ್ದವು, 2016ರ ಹೊತ್ತಿಗೆ ಸುದ್ದಿಯಾಯಿತು. ಹೈಸ್ಕೂಲಿನ ಎಫ್‌ಗೂ ಕಾಲೇಜಿನ ಎಫ್‌ಗೂ ಅಜಗಜಾಂತರ. ಹದಿನೈದನೇ ವಯಸ್ಸಿನಲ್ಲಿ ಸಿಟಿ ಟೆಕ್‌ನಲ್ಲಿ ಬಂದ ಎಫ್ ಕ್ಯೂನಿಯ ಅಧಿಕೃತ ಅಂಕಪಟ್ಟಿಯಲ್ಲಿ ಕೂರುತ್ತದೆ. ಅದೇ ಕೋರ್ಸನ್ನು ಮತ್ತೆ ಓದಿ ಸಿ ಅಥವಾ ಹೆಚ್ಚು ತೆಗೆದರೆ ಹಳೆಯ ಎಫ್ ಅನ್ನು ಜಿಪಿಎ, ಅಂದರೆ ಸರಾಸರಿ ಗ್ರೇಡಿನ ಲೆಕ್ಕದಿಂದ ಬಿಡುತ್ತಾರೆ. ಈ ರಿಯಾಯಿತಿ ಒಟ್ಟು 16 ಕ್ರೆಡಿಟ್‌ವರೆಗೆ ಮಾತ್ರ, ಮತ್ತು ಎಫ್ ಕಣ್ಣಿಗೆ ಕಾಣುತ್ತಲೇ ಇರುತ್ತದೆ. ಡಿ ಬಂದರೆ ಇನ್ನೂ ಫಜೀತಿ. ಅದು ಪಾಸು, ಹಾಗಾಗಿ ಎಫ್‌ನ ರಿಯಾಯಿತಿ ಅನ್ವಯಿಸದು. ಬೇರೆ ಕಾಲೇಜುಗಳು ಸಾಮಾನ್ಯವಾಗಿ ಡಿ ಅನ್ನು ಒಪ್ಪುವುದೂ ಇಲ್ಲ.

ಪೆಟ್ಟು ಅಲ್ಲಿಗೇ ನಿಲ್ಲುವುದಿಲ್ಲ. ಮುಂದೆ ಪದವಿಗೆ ಸರ್ಕಾರದ ಧನಸಹಾಯ ಬೇಕೆಂದಾಗ ಕಾಲೇಜು 'ತೃಪ್ತಿಕರ ಪ್ರಗತಿ' ನೋಡುತ್ತದೆ, ಅಂದರೆ ಜಿಪಿಎ ಸಾಧಾರಣವಾಗಿ 2.0ಕ್ಕೆ ಕಡಿಮೆಯಿಲ್ಲದೆ ಇರಬೇಕು, ಪ್ರಯತ್ನಿಸಿದ ಒಟ್ಟು ಕ್ರೆಡಿಟ್ಟು ಪದವಿಗೆ ಬೇಕಾದ್ದರ ಒಂದೂವರೆ ಪಟ್ಟು ಮೀರಬಾರದು. ಹೈಸ್ಕೂಲಿನಲ್ಲಿದ್ದಾಗ ಬಿಟ್ಟ ಕೋರ್ಸುಗಳೂ 'ಪ್ರಯತ್ನಿಸಿದ' ಲೆಕ್ಕಕ್ಕೆ ಸೇರಬಹುದು. ಮೆಡಿಕಲ್ ಕನಸಿನ ಮನೆಗಳಿಗೆ ಇನ್ನೊಂದು ಎಚ್ಚರ: ಅಮೆರಿಕದ ಮೆಡಿಕಲ್ ಕಾಲೇಜುಗಳ ಕೇಂದ್ರೀಯ ಅರ್ಜಿ ಹೈಸ್ಕೂಲಿನಲ್ಲಿದ್ದಾಗ ತೆಗೆದ ಕಾಲೇಜು ಗ್ರೇಡುಗಳನ್ನೂ ಜಿಪಿಎಗೆ ಸೇರಿಸುತ್ತದೆ. ಒಂಬತ್ತನೇ ತರಗತಿಯ ಬೇಸಿಗೆಯಲ್ಲಿ ಅವಸರದಿಂದ ತೆಗೆದ ಒಂದು ಕೋರ್ಸು ಎಂಟು ವರ್ಷದ ಮೇಲೆ ಎದುರಾಗುತ್ತದೆ.

ಆದ್ದರಿಂದ ಸೆಮಿಸ್ಟರ್ ಶುರುವಾದ ಮೊದಲ ಮೂರು ವಾರ ಕಣ್ಣಿಡಬೇಕು. ಶುರುವಿನ ಗಡುವಿನೊಳಗೆ ಕೋರ್ಸು ಬಿಟ್ಟರೆ ಅಂಕಪಟ್ಟಿಯಲ್ಲಿ ಅದರ ಸುಳಿವೇ ಇರುವುದಿಲ್ಲ. ಅದು ದಾಟಿದರೆ ಡಬ್ಲ್ಯೂ, ಅಂದರೆ ಕೋರ್ಸು ಕೈಬಿಟ್ಟದ್ದರ ಗುರುತು ಬೀಳುತ್ತದೆ, ಅದು ಜಿಪಿಎಗೆ ತಾಕದು. ಅದೂ ದಾಟಿದರೆ ಬಂದದ್ದೇ ಗ್ರೇಡು. ಗಡುವುಗಳು ಕಾಲೇಜಿನ ಕ್ಯಾಲೆಂಡರಿನಲ್ಲಿ ಇರುತ್ತವೆ, ಹೈಸ್ಕೂಲಿನ ಕ್ಯಾಲೆಂಡರಿನಲ್ಲಲ್ಲ. ಎರಡರ ರಜೆಗಳೂ ಬೇರೆ. ಪ್ರೊಫೆಸರ್ ಪೋಷಕರಿಗೆ ಫೋನ್ ಮಾಡುವುದಿಲ್ಲ. ಕಾಲೇಜು ದಾಖಲೆಗೆ ಕೇಂದ್ರದ ಖಾಸಗಿತನದ ಕಾನೂನು ಅನ್ವಯಿಸುತ್ತದೆ, ಮಗು ಹದಿನಾರರದ್ದಾದರೂ ಗ್ರೇಡಿನ ಮಾಹಿತಿಯ ಹಕ್ಕು ಕಾಲೇಜಿನ ಲೆಕ್ಕದಲ್ಲಿ ಮಗುವಿನದು. 'ಪೇರೆಂಟ್-ಟೀಚರ್ ಮೀಟಿಂಗಿನಲ್ಲಿ ಏನೂ ಹೇಳಲಿಲ್ಲವಲ್ಲ' ಎಂಬ ದೂರಿಗೆ ಕಾರಣ ಇದು.

ಡಿಗ್ರಿಯ ಬಗೆಯನ್ನೂ ಸರಿಯಾಗಿ ತಿಳಿಯಬೇಕು. ಇಲ್ಲಿ ಸಿಗುವುದು ಎ.ಎ.ಎಸ್., ಅಂದರೆ ಅನ್ವಯಿಕ ವಿಜ್ಞಾನದ ಅಸೋಸಿಯೇಟ್. ಎ.ಎ. ಮತ್ತು ಎ.ಎಸ್. ಪದವಿಗಳಲ್ಲಿ ಕ್ಯೂನಿಯ 30 ಕ್ರೆಡಿಟ್‌ನ ಸಾಮಾನ್ಯ ಶಿಕ್ಷಣ ಪೂರ್ತಿ ಮುಗಿದಿರುತ್ತದೆ. ಎ.ಎ.ಎಸ್.ನಲ್ಲಿ ತಾಂತ್ರಿಕ ಕೋರ್ಸು ಹೆಚ್ಚು, ಸಾಮಾನ್ಯ ಶಿಕ್ಷಣ ಅರ್ಧಂಬರ್ಧ. ಸಿಟಿ ಟೆಕ್‌ನ ಬಿ.ಟೆಕ್‌ಗೇ ಮುಂದುವರಿದರೆ ಕ್ರೆಡಿಟ್ಟುಗಳು ಸಲೀಸಾಗಿ ಹೊಂದುತ್ತವೆ. ಬೇರೆ ಕಡೆ ಶುದ್ಧ ಕಂಪ್ಯೂಟರ್ ಸೈನ್ಸಿಗೋ ಎಂಜಿನಿಯರಿಂಗಿಗೋ ಹೋದರೆ 60ರಲ್ಲಿ ಹಲವು 'ಐಚ್ಛಿಕ' ಎಂದು ಬದಿಗೆ ಸರಿಯುತ್ತವೆ, ಕ್ಯಾಲ್ಕುಲಸ್ ಸರಣಿ ಮತ್ತು ಕ್ಯಾಲ್ಕುಲಸ್ ಆಧಾರಿತ ಭೌತಶಾಸ್ತ್ರ ಹೊಸದಾಗಿ ಓದಬೇಕಾಗುತ್ತದೆ. ಕರ್ನಾಟಕದವರಿಗೆ ಇದು ಅಪರಿಚಿತವಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿ ಪಾಲಿಟೆಕ್ನಿಕ್ ಡಿಪ್ಲೊಮಾ, ಡಿಸಿಇಟಿ ಬರೆದು ಎಂಜಿನಿಯರಿಂಗಿನ ಎರಡನೇ ವರ್ಷಕ್ಕೆ ಲ್ಯಾಟರಲ್ ಎಂಟ್ರಿ, ಅಲ್ಲಿ ವಿಟಿಯು ಹೇರುತ್ತಿದ್ದ 'ಮ್ಯಾಟ್‌ಡಿಪ್' ಗಣಿತ. ಲ್ಯಾಬಿನಲ್ಲಿ ಡಿಪ್ಲೊಮಾದವರು ಮುಂದು, ಗಣಿತದಲ್ಲಿ ಎಡವುವುದು. ಪಿ-ಟೆಕ್‌ನಿಂದ ಹೊರಟವರ ಕಥೆಯೂ ಅದೇ ಆಕಾರದ್ದು. ಒಂದು ವ್ಯತ್ಯಾಸ: ಅಲ್ಲಿ ನೇರ ಎರಡನೇ ವರ್ಷ ಎಂಬ ಖಾತರಿ ಇಲ್ಲ, ಪ್ರತಿ ಕಾಲೇಜು ಕೋರ್ಸು ಕೋರ್ಸಾಗಿ ಲೆಕ್ಕ ಹಾಕುತ್ತದೆ.

ದೊಡ್ಡ ಹೆಸರಿನ ಖಾಸಗಿ ವಿಶ್ವವಿದ್ಯಾಲಯಗಳು ಇನ್ನೂ ಬಿಗಿ. ಹೈಸ್ಕೂಲ್ ಡಿಪ್ಲೊಮಾದ ಅಗತ್ಯಕ್ಕೆ ಬಳಸಿಕೊಂಡ ಕಾಲೇಜು ಕೋರ್ಸಿಗೆ ಅವುಗಳಲ್ಲಿ ಹಲವು ಕ್ರೆಡಿಟ್ ಕೊಡುವುದಿಲ್ಲ. ಅಂಥ ಕಡೆ ಹೋಗುವ ಮನಸ್ಸಿದ್ದರೆ ಹನ್ನೆರಡನೇ ತರಗತಿಗೇ ಡಿಪ್ಲೊಮಾ ಪಡೆದು ಹೊರಡುವುದು ಒಳ್ಳೆಯದು. ಆರು ವರ್ಷ ಕೂರಲೇಬೇಕೆಂಬ ನಿಯಮವಿಲ್ಲ. ಬೇಕಾದಷ್ಟು ಮಕ್ಕಳು ಹಾಗೆ ಹೋಗುತ್ತಾರೆ, ಹೋದದ್ದನ್ನು ಸೋಲು ಎನ್ನುವುದು ತಪ್ಪು.

ಹಣದ ಲೆಕ್ಕದಲ್ಲಿ ಮಾತ್ರ ಶಾಲೆ ಗೆಲ್ಲುತ್ತದೆ. ಕಾಲೇಜು ಕೋರ್ಸಿನ ಫೀಸೂ ಪುಸ್ತಕವೂ ಮನೆಯವರ ಮೇಲೆ ಬೀಳುವುದಿಲ್ಲ. ಕೇಂದ್ರ ಸರ್ಕಾರದ ಪೆಲ್ ಗ್ರಾಂಟಿಗೆ ಜೀವಮಾನದ ಮಿತಿ ಪೂರ್ಣಾವಧಿಯ 12 ಸೆಮಿಸ್ಟರ್. ಪಿ-ಟೆಕ್‌ನಲ್ಲಿ ಓದಿದ್ದಕ್ಕೆ ಅದರಲ್ಲಿ ಒಂದೂ ಖರ್ಚಾಗುವುದಿಲ್ಲ, ಮಿಕ್ಕ ಪದವಿಗೆ ಪೂರ್ತಿ ಉಳಿದಿರುತ್ತದೆ. ಬಡ ಮನೆಗಳಿಗೆ ಇದು ದೊಡ್ಡ ಮಾತು. ಕ್ರೌನ್ ಹೈಟ್ಸ್‌ನಲ್ಲಿ ಶಾಲೆ ನೆಟ್ಟಗೆ ನಿಂತದ್ದು ಇದರ ಬಲದಿಂದ ಎಂದರೂ ಸರಿಯೇ. ನಗರದ ಇಂಥ ಏಳು ಶಾಲೆಗಳನ್ನು ಎಂಡಿಆರ್‌ಸಿ ಎಂಬ ಸಂಶೋಧನಾ ಸಂಸ್ಥೆ ಅಧ್ಯಯನ ಮಾಡಿದೆ. ಲಾಟರಿಯಲ್ಲಿ ಗೆದ್ದವರನ್ನು ಸೋತವರ ಜೊತೆ ಹೋಲಿಸಿದ್ದರಿಂದ ಅದನ್ನು ನಂಬಬಹುದು. ಗೆದ್ದವರು ಹೈಸ್ಕೂಲಿನಲ್ಲಿದ್ದಾಗಲೇ ಕಾಲೇಜು ಕೋರ್ಸಿಗೆ ಸೇರುವ ಪ್ರಮಾಣ ಗಣನೀಯವಾಗಿ ಹೆಚ್ಚಿತ್ತು, ಇಂಗ್ಲಿಷ್ ರೀಜೆಂಟ್ಸ್‌ನಲ್ಲಿ ಕಾಲೇಜು ಮಟ್ಟವನ್ನು ಬೇಗ ಮುಟ್ಟಿದರು.

ಐಬಿಎಂ ಪಾತ್ರ ಸಣ್ಣದಲ್ಲ. ಆರಂಭ ಮಟ್ಟದ ತನ್ನ ಕೆಲಸಗಳಿಗೆ ಏನೇನು ಬರಬೇಕು ಎಂದು ಪಟ್ಟಿ ಮಾಡಿ ಕೊಟ್ಟದ್ದು, ಶಾಲೆಯಲ್ಲೇ ಕೂರುವ ಸಂಪರ್ಕಾಧಿಕಾರಿಯನ್ನು ನೇಮಿಸಿದ್ದು, ಮಕ್ಕಳಿಗೆ ಮೆಂಟರ್‌ಗಳನ್ನು ಗೊತ್ತುಮಾಡಿದ್ದು, ಸಂಬಳದ ಇಂಟರ್ನ್‌ಶಿಪ್ ಕೊಟ್ಟದ್ದು ನಿಜ. ಉದ್ಯೋಗದ ಬಗ್ಗೆ ಅದು ಬಳಸಿದ ಮಾತು 'ಸಾಲಿನಲ್ಲಿ ಮೊದಲಿಗರು' ಎಂದು. ಸಾಲಿನಲ್ಲಿ ಮೊದಲು ನಿಲ್ಲಿಸುವುದು ಬೇರೆ, ಕೆಲಸ ಕೊಡುವುದು ಬೇರೆ. ಎ.ಎ.ಎಸ್. ಮಟ್ಟಕ್ಕೆ ಸಿಗುವುದು ಬಹುಪಾಲು ಟೆಕ್ನಿಕಲ್ ಸಪೋರ್ಟ್, ಟೆಸ್ಟಿಂಗ್, ಜೂನಿಯರ್ ಡೆವಲಪರ್ ಬಗೆಯ ಹುದ್ದೆ. ಆ ಮೊದಲ ಮೆಟ್ಟಿಲು ಕಂಪನಿಯ ನೇಮಕಾತಿ ಏರಿಳಿದಂತೆ ಏರಿಳಿಯುತ್ತದೆ.

ಎಚ್-4, ಅಂದರೆ ಎಚ್-1ಬಿ ಉದ್ಯೋಗಿಗಳ ಸಂಗಾತಿ-ಮಕ್ಕಳ ವೀಸಾದಲ್ಲಿರುವ ಮನೆಗಳಿಗೆ ಇದರಲ್ಲಿ ಒಂದು ಗಂಟಿದೆ. ಶಾಲೆಗೆ ಸೇರಲು ವೀಸಾ ಅಡ್ಡಿಯಲ್ಲ, ನಗರದ ಸರ್ಕಾರಿ ಶಾಲೆ ವಲಸೆಯ ದಾಖಲೆ ಕೇಳುವುದಿಲ್ಲ. ಆದರೆ ಎಚ್-4 ಮಕ್ಕಳಿಗೆ ದುಡಿಯುವ ಅನುಮತಿ ಇಲ್ಲ. ಕೆಲಸದ ಪರವಾನಗಿ ಸಿಗುವುದು ಕೆಲವು ಸಂಗಾತಿಗಳಿಗೆ ಮಾತ್ರ. ಹಾಗಾಗಿ ಸಂಬಳದ ಇಂಟರ್ನ್‌ಶಿಪ್ ಅವರಿಗೆ ಸಿಗದು. 21 ತುಂಬಿದರೆ ಎಚ್-4 ಕೂಡ ಮುಗಿಯುತ್ತದೆ. ಹದಿನಾಲ್ಕಕ್ಕೆ ಸೇರಿ ಆರು ವರ್ಷ ಓದಿದರೆ ಆ ಗಡಿ ಎದುರಿಗೇ ಬಂದಿರುತ್ತದೆ. ಗ್ರೀನ್ ಕಾರ್ಡಿನ ಸಾಲು ಮುಂದೆ ಸರಿಯದ ಮನೆಗೆ ಪಿ-ಟೆಕ್‌ನ ಇಂಟರ್ನ್‌ಶಿಪ್, ಕೆಲಸದ ಭಾಗ ಕಾಗದದ ಮೇಲೆಯೇ ಉಳಿಯುತ್ತದೆ.

ಹೋಲಿಸಿ ನೋಡುವವರಿಗೆ: ಕ್ವೀನ್ಸ್‌ನಲ್ಲಿ ಎನರ್ಜಿ ಟೆಕ್ 2013ರಿಂದ ಇದೆ, ಲಗ್ವಾರ್ಡಿಯಾ ಕಾಲೇಜು, ಕಾನ್ ಎಡಿಸನ್, ನ್ಯಾಷನಲ್ ಗ್ರಿಡ್ ಎಂಬ ವಿದ್ಯುತ್-ಅನಿಲ ಕಂಪನಿಗಳ ಜೊತೆ. ಕ್ವೀನ್ಸ್ ವಿಲೇಜಿನ ಬಿ-ಟೆಕ್ 2014ರದು, ಕ್ವೀನ್ಸ್‌ಬರೋ ಕಮ್ಯುನಿಟಿ ಕಾಲೇಜು ಮತ್ತು ಎಸ್‌ಎಪಿ ಎಂಬ ಸಾಫ್ಟ್‌ವೇರ್ ಕಂಪನಿಯ ಜೊತೆ. ಕ್ವೀನ್ಸ್‌ನ ಪೂರ್ವ ಭಾಗದಲ್ಲಿರುವವರಿಗೆ ದಿನಾ ಕ್ರೌನ್ ಹೈಟ್ಸ್‌ವರೆಗೆ ಹೋಗುವ ಬದಲು ಅದು ಮೇಲು. ನ್ಯೂಜೆರ್ಸಿಯ ಮಾನ್‌ಮತ್ ಕೌಂಟಿಯವರಿಗೆ ಲಿಂಕ್ರಾಫ್ಟ್‌ನ ಹೈ ಟೆಕ್ನಾಲಜಿ ಹೈಸ್ಕೂಲಿದೆ, ಬ್ರೂಕ್‌ಡೇಲ್ ಕಮ್ಯುನಿಟಿ ಕಾಲೇಜಿನ ಆವರಣದಲ್ಲೇ. ಆದರೆ ಅದು ಪರೀಕ್ಷೆ ಬರೆಸಿ ಆರಿಸಿಕೊಳ್ಳುವ ಶಾಲೆ, ಹೋಲಿಕೆ ಅಷ್ಟಕ್ಕೇ. ಎಪಿ, ಅಂದರೆ ಹೈಸ್ಕೂಲಿನಲ್ಲೇ ಕಲಿಸುವ ಕಾಲೇಜು ಮಟ್ಟದ ತರಗತಿಗಳ ಉದ್ದ ಪಟ್ಟಿ, ದೊಡ್ಡ ಆರ್ಕೆಸ್ಟ್ರಾ, ಒಲಿಂಪಿಯಾಡ್ ತಂಡ ಬೇಕೆನ್ನುವವರು ಪಿ-ಟೆಕ್ ಕಡೆ ನೋಡದಿರುವುದೇ ಒಳ್ಳೆಯದು. ಯಂತ್ರ ಬಿಚ್ಚಿ ಜೋಡಿಸುವ ಕೈ, ಪಾಲಕರ ಕಾವಲಿಲ್ಲದೆ ಗಡುವು ನೆನಪಿಟ್ಟುಕೊಳ್ಳುವ ಅಭ್ಯಾಸ, ಗಣಿತದಲ್ಲಿ ಭಯವಿಲ್ಲದಿರುವುದು, ಈ ಮೂರಿರುವ ಮಗುವಿಗೆ ಇದು ನಗರದ ಒಳ್ಳೆಯ ಆಯ್ಕೆಗಳಲ್ಲಿ ಒಂದು.

ಓಪನ್ ಹೌಸಿಗೆ ಹೋದಾಗ ರೋಬಾಟ್ ಪ್ರದರ್ಶನ ನೋಡುತ್ತ ಸಮಯ ಕಳೆಯಬೇಡಿ. ನಾಲ್ಕು ವರ್ಷದ ಹಿಂದೆ ಒಂಬತ್ತಕ್ಕೆ ಸೇರಿದವರಲ್ಲಿ ಎಷ್ಟು ಮಂದಿ ಮ್ಯಾಟ್ 1275 ಮುಗಿಸಿದ್ದಾರೆ ಎಂದು ಕೇಳಿ. ಆರು ವರ್ಷದ ಹಿಂದೆ ಸೇರಿದವರಲ್ಲಿ ಡಿಗ್ರಿ ಪಡೆದವರೆಷ್ಟು, ಡಿಪ್ಲೊಮಾ ಮಾತ್ರ ಪಡೆದು ಹೋದವರೆಷ್ಟು ಎಂದು ಬೇರೆ ಬೇರೆಯಾಗಿ ಕೇಳಿ. ಕಾಲೇಜು ತರಗತಿಯಲ್ಲಿ ಪಿ-ಟೆಕ್ ಮಕ್ಕಳನ್ನಷ್ಟೇ ಕೂರಿಸುತ್ತಾರೋ, ಮಾಮೂಲಿ ಕಾಲೇಜು ವಿದ್ಯಾರ್ಥಿಗಳ ಜೊತೆಗೋ ಎಂಬುದೂ ಮುಖ್ಯ. ಮೊದಲನೆಯದರಲ್ಲಿ ಆಸರೆ ಹೆಚ್ಚು, ಎರಡನೆಯದರಲ್ಲಿ ಕಾಲೇಜು ಎಂದರೇನೆಂದು ಬೇಗ ತಿಳಿಯುತ್ತದೆ. ಕೋರ್ಸು ಕೈಬಿಡಬೇಕೆಂದಾಗ ಸಹಿ ಹಾಕುವವರು ಯಾರು, ಕಾಲೇಜಿನ ಸಲಹೆಗಾರರೋ ಹೈಸ್ಕೂಲಿನವರೋ ಎಂದು ಕೇಳಿ, ಅವರ ಕೋಣೆ ಎಲ್ಲಿದೆ ಎಂದು ಅಂದೇ ನೋಡಿಕೊಂಡು ಬನ್ನಿ.